ಕಿವಿ ಕೇಳದ ಮಗುವಿಗೆ ಮನೆಯಲ್ಲಿ ಮಾತು ಕಲಿಸುವ ಬಗೆ: ನಾರ್ಥಾಂಪ್ಟನ್ನಿನ ಹಳೆಯ ಶಾಲೆಯೊಂದರಿಂದ ನಾನು ಕಲಿತದ್ದು

ನನ್ನ ಮಗಳಿಗೆ ಹದಿನಾಲ್ಕು ತಿಂಗಳಾಗಿದ್ದಾಗ ಅಡುಗೆಮನೆಯ ಅಟ್ಟದಿಂದ ಇಡ್ಲಿ ಪಾತ್ರೆ ನೆಲಕ್ಕೆ ಬಿತ್ತು. ಪಕ್ಕದ ಮನೆಯವರು ಏನಾಯಿತೆಂದು ಓಡಿಬಂದರು. ಎರಡು ಮಾರು ದೂರದಲ್ಲಿ ಚಾಪೆಯ ಮೇಲೆ ಮಲಗಿದ್ದ ಮಗು ರೆಪ್ಪೆ ಸಹ ಅಲುಗಿಸಲಿಲ್ಲ. ಅಮೆರಿಕದ ಲೂಯಿಸ್ ಟ್ರೇಸಿ ಎಂಬ ತಾಯಿಗೂ ಇಂಥದೇ ಕ್ಷಣ ಬಂದಿತ್ತೆಂದು ಆಮೇಲೆ ಓದಿ ತಿಳಿದೆ. 1924ರಲ್ಲಿ ಹುಟ್ಟಿದ ಅವರ ಮಗ ಜಾನ್ ಹತ್ತು ತಿಂಗಳ ಕೂಸಾಗಿದ್ದಾಗ ಬಾಗಿಲು ಧಡಾರನೆ ಬಡಿದರೂ ಏಳಲಿಲ್ಲ. ಆ ತಾಯಿ 1942ರಲ್ಲಿ ಲಾಸ್ ಏಂಜಲೀಸಿನಲ್ಲಿ ಮಗನ ಹೆಸರಿನ ಕ್ಲಿನಿಕ್ ತೆರೆದು, ದೂರದ ತಾಯ್ತಂದೆಯರಿಗೆ ಅಂಚೆಯಲ್ಲಿ ಪುಕ್ಕಟೆಯಾಗಿ ಪಾಠ ಕಳಿಸಿದರು. ಈಚೆಗಷ್ಟೇ ಮಗುವಿನ ಪರೀಕ್ಷೆಯ ವರದಿ ಕೈಗೆ ಬಂದು, ಮುಂದೇನೆಂದು ತೋಚದೆ ಕುಳಿತಿರುವವರಿಗಾಗಿ ನಾನೂ ಇದನ್ನು ಬರೆಯುತ್ತಿದ್ದೇನೆ.

ಅನುಮಾನ ಬಂದ ದಿನವೇ ಪರೀಕ್ಷೆ ಮಾಡಿಸಿ. "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಮನೆಯ ಹಿರಿಯರು ಹೇಳುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ. ವೈದ್ಯರೊಬ್ಬರು ಮೂರು ವರ್ಷದವರೆಗೆ ಕಾಯಿರಿ ಎಂದರು. ನಾನು ಐದು ತಿಂಗಳು ಕಾದೆ, ಆ ಐದು ತಿಂಗಳು ನನಗೆ ಇಂದಿಗೂ ನೋವು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಮತ್ತು ತರಬೇತಿ ಆರಂಭ ಎಂಬುದು ಈಗ ಜಗತ್ತಿನೆಲ್ಲೆಡೆ ಒಪ್ಪಿರುವ ಲೆಕ್ಕ. ಸದ್ದಿಗೆ ಕಿವಿಯ ನರ, ಮೆದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಬೇರಾ (BERA) ಪರೀಕ್ಷೆಯನ್ನು ಮಗು ನಿದ್ದೆಯಲ್ಲಿರುವಾಗಲೇ ಮಾಡುತ್ತಾರೆ, ನೋವಿಲ್ಲ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ವಯಸ್ಸು ಮೀರಿತಲ್ಲ ಎಂದು ಮಾತ್ರ ಕೈಚೆಲ್ಲಬೇಡಿ, ನಮ್ಮದೂ ಮೀರಿತ್ತು.

ಇನ್ನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಥಾಂಪ್ಟನ್ನಿನ ಆ ಶಾಲೆಯ ವಿಷಯ. ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ ಗಾರ್ಡಿನರ್ ಹಬರ್ಡ್ ಎಂಬ ವಕೀಲರ ಮಗಳು ಮೇಬಲ್, ಐದರ ವಯಸ್ಸಿನಲ್ಲಿ ಸ್ಕಾರ್ಲೆಟ್ ಜ್ವರದಿಂದ ಕಿವಿ ಕಳೆದುಕೊಂಡಳು. ಅಂದು ಆ ರಾಜ್ಯದ ಮಕ್ಕಳನ್ನು ದೂರದ ಹಾರ್ಟ್‌ಫರ್ಡ್‌ಗೆ, ಸಂಜ್ಞೆಯಲ್ಲಿ ಕಲಿಸುವ ಶಾಲೆಗೆ ಕಳಿಸುತ್ತಿದ್ದರು. ಅಲ್ಲಿಗೆ ಸೇರುವಷ್ಟರಲ್ಲಿ ಮಗು ಕಲಿತಿದ್ದ ಮಾತೂ ಮರೆತುಹೋಗುತ್ತಿತ್ತು. ಹಬರ್ಡ್ ದಂಪತಿ ಹಾಗಾಗಲು ಬಿಡಲಿಲ್ಲ. ತಾಯಿ ಗರ್ಟ್ರೂಡ್ ಮತ್ತು ಮನೆಪಾಠದ ಮೇರಿ ಟ್ರೂ ದಿನವಿಡೀ ಮಗುವಿನ ಮುಖ ನೋಡಿ ಮಾತಾಡುತ್ತಲೇ ಇದ್ದರು. 1866ರಲ್ಲಿ ಹಬರ್ಡ್ ಬೆಂಬಲದಿಂದ ಹ್ಯಾರಿಯೆಟ್ ರಾಜರ್ಸ್ ಎಂಬ ಶಿಕ್ಷಕಿ ಚೆಮ್ಸ್‌ಫರ್ಡ್‌ನಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶಾಲೆ ಆರಂಭಿಸಿದರು. ಮರುವರ್ಷ ಜಾನ್ ಕ್ಲಾರ್ಕ್ ಎಂಬ ವ್ಯಾಪಾರಿ ಕೊಟ್ಟ ಐವತ್ತು ಸಾವಿರ ಡಾಲರಿನಿಂದ ಅದು ನಾರ್ಥಾಂಪ್ಟನ್ನಿನಲ್ಲಿ ಕ್ಲಾರ್ಕ್ ಶಾಲೆಯಾಗಿ ನಿಂತಿತು. ಇಂದಿಗೂ ನಡೆಯುತ್ತಿದೆ. ಅದರ ಬೇರು ಇರುವುದು ಒಂದು ಮನೆಯ ಊಟದ ಮೇಜಿನ ಸುತ್ತಲಿನ ಮಾತಿನಲ್ಲಿ. ನನ್ನ ವಿಧಾನವೆಲ್ಲ ಇದರಿಂದಲೇ ಹುಟ್ಟಿದೆ: ಶಾಲೆಗೆ ಸೇರಿಸುವ ಮೊದಲು ಮನೆ ಶುರುಮಾಡಬೇಕು.

ಮೇಬಲ್ ಕಾಲದಲ್ಲಿ ಇಲ್ಲದ ಒಂದು ಅನುಕೂಲ ನಮಗಿದೆ. ಶ್ರವಣ ಸಾಧನ, ನಾವು ತಾಯಂದಿರು 'ಮಿಷನ್' ಎನ್ನುವುದು. ಅದು ಕಿವಿಯಲ್ಲಿದ್ದಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ಎದ್ದ ಕೂಡಲೇ ಹಾಕಿ, ಮಲಗುವಾಗ ತೆಗೆಯಿರಿ. ಎಣ್ಣೆಸ್ನಾನದ ದಿನ ತಲೆ, ಕಿವಿ ಪೂರ್ತಿ ಒಣಗಿದ ಮೇಲೆ ಹಾಕಿ. ರಾತ್ರಿ ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿಡಿ, ಮಳೆಗಾಲದಲ್ಲಿ ಇದನ್ನು ತಪ್ಪಿಸಲೇಬೇಡಿ. ಹೊಸ ಸೆಲ್ಲಿನ ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿ. ಆ ಸೆಲ್ಲನ್ನು ಮಗು ನುಂಗಿದರೆ ಪ್ರಾಣಕ್ಕೇ ಅಪಾಯ, ಹಳೆಯದನ್ನೂ ಕೈಗೆ ಸಿಗದಂತೆ ಇಡಿ. ಸಾಧನ ಸೀಟಿ ಹೊಡೆಯುತ್ತಿದ್ದರೆ ಕಿವಿ ಬೆಳೆದು ಮೋಲ್ಡ್ (ಕಿವಿಯೊಳಗೆ ಕೂರುವ ಅಚ್ಚು) ಸಡಿಲವಾಗಿರಬಹುದು, ಹೊಸ ಅಳತೆ ಕೊಡಿಸಿ. ಸಾಧನದಿಂದ ಸಾಲದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಯಲ್ಲಿ ಕೂರಿಸುವ ಸಾಧನ) ಬೇಕೇ ಎಂದು ಶ್ರವಣ ತಜ್ಞರನ್ನು ಬೇಗ ಕೇಳಿ. ಅಲ್ಲಿಯೂ ವಯಸ್ಸು ಮುಖ್ಯ.

ಬೆಳಗ್ಗೆ ಸಾಧನ ಹಾಕಿದ ಮೇಲೆ ನಾನು ಮಗಳ ಹಿಂದೆ ಕುಳಿತು ಆರು ಧ್ವನಿ ಹೇಳುತ್ತಿದ್ದೆ: ಆ, ಈ, ಊ, ಮ್, ಶ್, ಸ್. ಕೇಳಿದಾಗಲೆಲ್ಲ ಅವಳು ಒಂದು ಪ್ಲಾಸ್ಟಿಕ್ ಬಳೆಯನ್ನು ಕೋಲಿಗೆ ಹಾಕಬೇಕು. ಡೇನಿಯಲ್ ಲಿಂಗ್ ಎಂಬ ತಜ್ಞರ ಈ ಪರೀಕ್ಷೆಯಲ್ಲಿ ಮಾತಿನ ದಪ್ಪ ಸ್ವರದಿಂದ ಸಣ್ಣ ಸ್ವರದವರೆಗೆ ಎಲ್ಲವೂ ಬಂದುಹೋಗುತ್ತದೆ. ಒಂದು ದಿನ 'ಸ್'ಗೆ ಬಳೆ ಏಳಲಿಲ್ಲ, ಮರುದಿನವೂ ಏಳಲಿಲ್ಲ. ನೋಡಿದರೆ ಮೋಲ್ಡಿನ ನಳಿಕೆಯಲ್ಲಿ ಒಂದು ಹನಿ ನೀರು.

ಮಾತಾಡುವುದು ಹೇಗೆ? ಪಾಠದಂತೆ ಬೇಡ. ಅಕ್ಕಿ ತೊಳೆಯುವಾಗ ಮಗುವನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ನಿಮ್ಮ ಬಾಯಿ ಸಾಧನಕ್ಕೆ ಒಂದು ಗೇಣಿನಷ್ಟು ಹತ್ತಿರವಿರುವಂತೆ, "ಅಕ್ಕಿ ತೊಳೆಯೋಣ. ನೀರು ಹಾಕು. ಇನ್ನೂ ಹಾಕು. ಸಾಕು, ಸಾಕು!" ಎನ್ನಿ. ಮೊದಲು ಮಾತು, ಆಮೇಲೆ ವಸ್ತು ತೋರಿಸಿ. ಮೊದಲೇ ತೋರಿಸಿದರೆ ಕಣ್ಣು ಗೆಲ್ಲುತ್ತದೆ, ಕಿವಿ ಸುಮ್ಮನಾಗುತ್ತದೆ. ಹೇಳಿದ ಮೇಲೆ ಕಾಯಿರಿ, ಮನಸ್ಸಿನಲ್ಲಿ ಹತ್ತು ಎಣಿಸಿ. ನನಗೆ ಅತಿ ಕಷ್ಟವಾದದ್ದು ಈ ಕಾಯುವುದೇ. ಕಿರುಚಬೇಡಿ, ಕಿರುಚಿದ ಮಾತು ಸಾಧನದಲ್ಲಿ ಕದಡಿಹೋಗುತ್ತದೆ. ಟಿವಿ, ಮಿಕ್ಸಿ ಆರಿಸಿ. ಒಂದೊಂದೇ ಪದ ಉಗುಳುವ ಬದಲು ಪೂರ್ಣ ವಾಕ್ಯ ಆಡಿ, ಏಕೆಂದರೆ ಕನ್ನಡದ ಅರ್ಥ ಪದದ ಬಾಲದಲ್ಲಿದೆ. ಅಂಗಡಿಗೆ, ಅಂಗಡಿಯಿಂದ, ಅಂಗಡಿಯಲ್ಲಿ ಎಂಬ ವ್ಯತ್ಯಾಸ ಆಡಿದರೆ ತಾನೇ ಕಿವಿಗೆ ಬೀಳುವುದು!

ಉಚ್ಚಾರಣೆಗೆ ಬಂದರೆ ನಮ್ಮ ವರ್ಣಮಾಲೆಯಂಥ ನಕ್ಷೆ ಬೇರೊಂದಿಲ್ಲ ಎಂಬುದು ನನ್ನ ದೃಢ ನಂಬಿಕೆ. 1872ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕ್ಲಾರ್ಕ್ ಶಾಲೆಗೆ ಬಂದು, ನಾಲಿಗೆ ತುಟಿಗಳು ಎಲ್ಲಿರಬೇಕೆಂದು ತೋರಿಸುವ ಚಿಹ್ನೆಗಳ ಪದ್ಧತಿಯೊಂದನ್ನು ಕಲಿಸಿದರು. ಅದು ಅವರ ತಂದೆ ರೂಪಿಸಿದ ಪದ್ಧತಿ. (ಇದೇ ಬೆಲ್ ಮುಂದೆ 1877ರಲ್ಲಿ ಮೇಬಲ್‌ಳನ್ನು ಮದುವೆಯಾದರು.) ಅದನ್ನು ಓದಿದಾಗ ನನಗೆ ಗೋಡೆಯ ಮೇಲಿನ ಅಕ್ಷರಪಟ ಹೊಸದಾಗಿ ಕಂಡಿತು. ಕ ವರ್ಗ ಗಂಟಲ ಬಳಿ, ಚ ಅಂಗುಳಲ್ಲಿ, ಟ ನಾಲಿಗೆ ಮಡಿಸಿ, ತ ಹಲ್ಲಿಗೆ ತಾಗಿಸಿ, ಪ ತುಟಿಯಲ್ಲಿ. ಮೇಲಿನಿಂದ ಕೆಳಗಿಳಿದಂತೆ ಧ್ವನಿ ಒಳಗಿನಿಂದ ಹೊರಗೆ ಬರುತ್ತದೆ. ತುಟಿ ನೋಡುವ ಮಗುವಿಗೆ ಕೊನೆಯ ಸಾಲು ಸುಲಭ, ಮೊದಲ ಸಾಲು ಕಾಣುವುದೇ ಇಲ್ಲ.

ಆದರೆ ಕೊನೆಯ ಸಾಲಿನಲ್ಲೂ ಒಂದು ತೊಡಕು ಇದೆ. ಮಳೆ, ಬಳೆ ಎರಡನ್ನೂ ಕನ್ನಡಿಯ ಮುಂದೆ ದನಿಯಿಲ್ಲದೆ ಹೇಳಿ ನೋಡಿ, ತುಟಿಯಲ್ಲಿ ಭೇದವೇ ಇಲ್ಲ. ಪಟ್ಟೆ, ಬಟ್ಟೆಯೂ ಹಾಗೆಯೇ. ಮೊದಲು ಕೇಳಿಸಿ ಪ್ರಯತ್ನಿಸಿ. ಆಗದಿದ್ದರೆ ಹಳೆಯ ಶಿಕ್ಷಕಿಯರ ಉಪಾಯ ಬಳಸಿ. ದಿನಪತ್ರಿಕೆಯಿಂದ ಬೆರಳಗಲದ ಪಟ್ಟಿ ಹರಿದು ತುಟಿಯ ಮುಂದೆ ಹಿಡಿಯಿರಿ. 'ಪ' ಎಂದರೆ ತುದಿ ಚಿಮ್ಮುತ್ತದೆ, 'ಮ' ಎಂದರೆ ಅಲುಗುವುದಿಲ್ಲ. ಆಗ ಮಗುವಿನ ಬೆರಳನ್ನು ನಿಮ್ಮ ಮೂಗಿನ ಬದಿಗಿಟ್ಟು 'ಮ್ಮ್' ಎನ್ನಿ, ಅಲ್ಲಿ ಗುಂಯ್‌ಗುಡುತ್ತದೆ. 'ಬ'ಗೆ ಅಂಗೈಯನ್ನು ಗಂಟಲ ಮೇಲಿಡಿ. ನನ್ನ ಮಗಳು ಹನ್ನೊಂದು ದಿನ 'ಅಪ್ಪ'ನನ್ನು 'ಅಮ್ಮ' ಎನ್ನುತ್ತಿದ್ದಳು. ಹನ್ನೆರಡನೆಯ ದಿನ ಕಾಗದ ಚಿಮ್ಮಿತು. ಅವಳು ಕಾಗದವನ್ನು ನೋಡಿದಳು, ಆಮೇಲೆ ಬಾಗಿಲಲ್ಲಿ ನಿಂತಿದ್ದ ಅವರಪ್ಪನನ್ನು ನೋಡಿದಳು. ಇಬ್ಬರೂ ಅತ್ತರು. ಇಂಥ ಕಸರತ್ತು ದಿನಕ್ಕೆ ಐದು ನಿಮಿಷ ಸಾಕು, ಹೆಚ್ಚಾದರೆ ಮಗು ಮಾತನ್ನೇ ದ್ವೇಷಿಸುತ್ತದೆ.

ಈ ಶಾಲೆಗಳ ಚರಿತ್ರೆಯಲ್ಲಿ ಒಂದು ಕಪ್ಪು ಪುಟವಿದೆ, ಅದನ್ನೂ ಓದಿಯೇ ಮುಂದುವರಿಯಬೇಕು. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ, ಬಾಯಿಮಾತಿನಲ್ಲೇ ಕಲಿಸಬೇಕೆಂದು ನಿರ್ಣಯಿಸಿತು. ಮುಂದೆ ಅನೇಕ ದೇಶಗಳಲ್ಲಿ ಸಂಜ್ಞಾ ಭಾಷೆ ತರಗತಿಯಿಂದ ಹೊರಬಿತ್ತು, ಕೈಯಾಡಿಸಿದ ಮಕ್ಕಳಿಗೆ ಶಿಕ್ಷೆಯಾಯಿತು, ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. 2010ರಲ್ಲಿ ವ್ಯಾಂಕೂವರ್‌ನಲ್ಲಿ ಅದೇ ಸಮ್ಮೇಳನ ಇದಕ್ಕೆ ವಿಷಾದ ಸೂಚಿಸಿತು. ಆದ್ದರಿಂದ ಮಗುವಿನ ಕೈ ಕಟ್ಟಬೇಡಿ. ಒಂದೆರಡು ವರ್ಷ ಮನಸ್ಸಿಟ್ಟು ದುಡಿದರೂ ಮಾತು ಬರದಿದ್ದರೆ, ಅಥವಾ ಮೊದಲಿನಿಂದಲೇ ನಿಮಗೆ ಸರಿಯೆನಿಸಿದರೆ, ಸಂಜ್ಞಾ ಭಾಷೆ ಕಲಿಯಿರಿ, ನೀವೂ ಕಲಿಯಿರಿ. ಭಾಷೆಯೇ ಇಲ್ಲದೆ ಮಗು ಬೆಳೆಯುವುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ನನ್ನ ಮಗಳು ಈಗ ಏಳನೆಯ ತರಗತಿಯಲ್ಲಿದ್ದಾಳೆ, ಬಾಯಲ್ಲಿ ಮಾತಾಡುತ್ತಾಳೆ, ಭಾನುವಾರ ಗೆಳತಿಯರೊಂದಿಗೆ ಕೈಯಲ್ಲೂ ಮಾತಾಡುತ್ತಾಳೆ.

ಕೊನೆಯದಾಗಿ ಶಾಲೆಯ ದಾಖಲಾತಿ. ಮಗುವಿನ ಪರವಾಗಿ ನೀವೇ ಎಲ್ಲವನ್ನೂ ಹೇಳಬೇಡಿ. 1867ರಲ್ಲಿ ಶಾಸಕರ ಸಮಿತಿಯ ಮುಂದೆ ಹಬರ್ಡ್ ಒಂಬತ್ತು ವರ್ಷದ ಮೇಬಲ್‌ಳನ್ನೇ ನಿಲ್ಲಿಸಿದರು. ಅವರು ಕೇಳಿದ್ದನ್ನು ಅವಳು ತುಟಿಯಿಂದ ಓದಿ ಬಾಯಲ್ಲಿ ಉತ್ತರಿಸಿದಳು. ಕ್ಲಾರ್ಕ್ ಶಾಲೆಗೆ ಒಪ್ಪಿಗೆ ಸಿಗುವಲ್ಲಿ ಆ ದಿನದ ಪಾಲು ದೊಡ್ಡದು. ನಮಗೂ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಸೀಟು ಕೊಡಲು ಹಿಂಜರಿದರು. ನಾನು ಸುಮ್ಮನೆ ಕುಳಿತು, "ಅವಳನ್ನೇ ಕೇಳಿ, ಸಾರ್" ಎಂದೆ. ಅವರು ಏನೋ ಕೇಳಿದರು. ಮಗಳು ಅವರ ಮುಖ ದಿಟ್ಟಿಸಿ, "ಸಾರ್, ನಿಮ್ಮ ಹಿಂದೆ ಕಿಟಕಿ ಇದೆ. ನಿಮ್ಮ ಬಾಯಿ ಕಪ್ಪಗೆ ಕಾಣುತ್ತಿದೆ. ಈ ಕಡೆ ಬರುತ್ತೀರಾ?" ಎಂದಳು. ಅವರು ಎದ್ದು, ಕುರ್ಚಿ ಎಳೆದುಕೊಂಡು ಬೆಳಕಿಗೆ ಬಂದು ಕುಳಿತರು.