ನೀರು ಹಾಕಿ ಹಾಕಿಯೇ ಗಿಡ ಕೊಂದವನ ಅನುಭವ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಮ್ಮ ಮನೆಯ ಮುಂದಿನ ಲಾನ್ 900 ಚದರಡಿ ಇತ್ತು. 2015ರ ಏಪ್ರಿಲ್‌ನಲ್ಲಿ ಬರ ಅಂತ ಗವರ್ನರ್ ಜೆರ್ರಿ ಬ್ರೌನ್ ಊರುಗಳ ನೀರಿನ ಬಳಕೆ 25% ಇಳಿಸಬೇಕು ಅಂತ ಆದೇಶ ಕೊಟ್ಟರಲ್ಲ, ಆಗ ಕಿತ್ತೆ. ಅವಸರ ಪಟ್ಟು ಕಿತ್ತೆ. ಲಾನ್ ತೆಗೆದರೆ ನೀರಿನ ಇಲಾಖೆಯವರ ಸಹಾಯಧನ ಇತ್ತು. ಆದರೆ ಮೊದಲು ಅರ್ಜಿ ಹಾಕಿ, ಅವರು ಬಂದು ಹುಲ್ಲು ನೋಡಿದ ಮೇಲೆ ಕೀಳಬೇಕಿತ್ತು. ನಾನು ಫೋನ್ ಮಾಡುವ ಹೊತ್ತಿಗೆ ತೋರಿಸೋಕೆ ಹುಲ್ಲೇ ಇರಲಿಲ್ಲ. ಸಿಗಬೇಕಿದ್ದ ದುಡ್ಡು ಹೋಯಿತು. ಹೆಂಡತಿ ಇನ್ನೂ ಮರೆತಿಲ್ಲ.

ಮೇ ತಿಂಗಳಲ್ಲಿ 11 ಸಿಯನೋಥಸ್ ತಂದೆ, ಇಲ್ಲಿನದೇ ನೀಲಿ ಹೂವಿನ ಪೊದೆ. ಐದು ಗ್ಯಾಲನ್ ಕುಂಡದವು, ಒಂದೊಂದಕ್ಕೆ 30 ಡಾಲರ್ ಆಸುಪಾಸು. ಬರ ತಡೆಯೋ ಗಿಡ ಅಂತ ಗೊತ್ತಿತ್ತು. ಆದರೂ ಚಿತ್ರದುರ್ಗದ ಕಡೆಯವನ ಕೈ ಸುಮ್ನಿರುತ್ತಾ? ದಿನಾ ಸಂಜೆ ಪೈಪು ಹಿಡಿದೆ. ಎಲೆ ಹಳದಿಯಾದವು. ಬಾಯಾರಿದೆ ಅಂದುಕೊಂಡು ಇನ್ನೂ ಜಾಸ್ತಿ ಹಾಕಿದೆ. ಆಗಸ್ಟಿಗೆ ಒಂಬತ್ತು ಸತ್ತವು. ಒಂದನ್ನು ಎಳೆದು ನೋಡಿದರೆ ಬೇರಿನ ತೊಗಟೆ ಬೇಯಿಸಿದ ಕಡಲೆಕಾಯಿ ಸಿಪ್ಪೆಯ ಹಾಗೆ ಜಾರಿ ಬೆರಳಿಗೆ ಬಂತು. ಚರಂಡಿ ವಾಸನೆ. ನಮ್ಮದು ಎರೆಭೂಮಿ ತರದ ಅಂಟು ಮಣ್ಣು. ಕಾದ ಮಣ್ಣಿಗೆ ದಿನಾ ನೀರು ಬಿದ್ದರೆ ಬೇರು ಕೊಳೆಯದೆ ಇನ್ನೇನಾಗುತ್ತೆ!

ಆಮೇಲೆ ಮಳೆನೀರಿನ ಹುಚ್ಚು ಹಿಡಿಯಿತು. 55 ಗ್ಯಾಲನ್ನಿನ ಎರಡು ಡ್ರಮ್, ಫಿಟ್ಟಿಂಗು ಎಲ್ಲ ಸೇರಿ 250 ಡಾಲರ್. ಒಂದೇ ಮಳೆಗೆ ತುಂಬಿ ಹರಿದವು. ಬೇಸಿಗೆ ಬಂದ ಮೇಲೆ ಹತ್ತೇ ದಿನಕ್ಕೆ ಖಾಲಿ. ಮತ್ತೆ ತುಂಬಿದ್ದು ನವೆಂಬರಿನಲ್ಲಿ.

ಆ ಖಾಲಿ ಡ್ರಮ್ ನೋಡುತ್ತಲೇ ತಲೆಗೆ ಹೋಯಿತು. ಊರಲ್ಲಿ ಮಳೆಗಾಲ ಶುರುವಾಗುವಾಗ ನೆಡುತ್ತೇವೆ, ಅಲ್ವಾ? ಇಲ್ಲಿನ ಮಳೆಗಾಲ ಶುರುವಾಗೋದೇ ನವೆಂಬರಿಗೆ. ನಾನು ನೆಟ್ಟಿದ್ದು ಮಳೆ ಮುಗಿದ ಮೇಲೆ.

ಎರಡನೇ ಸಲ ಮೊದಲ ಮಳೆ ಬಿದ್ದ ವಾರ ನೆಟ್ಟೆ. ಸಿಯನೋಥಸ್, ಮಂಜನೀಟಾ, ಕ್ಲೀವ್‌ಲ್ಯಾಂಡ್ ಸೇಜ್, ಎಲ್ಲ ಬರ ತಡೆಯೋ ಇಲ್ಲಿನ ಪೊದೆಗಳೇ, ಒಂದು ಗ್ಯಾಲನ್ ಕುಂಡದ ಚಿಕ್ಕವು. ಅರ್ಧಕ್ಕಿಂತ ಕಡಿಮೆ ಬೆಲೆ, ಬೇರು ಬಿಡೋದೂ ಬೇಗ. ಗಿಡದ ಬುಡ ಸುತ್ತಲಿನ ನೆಲಕ್ಕಿಂತ ಎರಡು ಇಂಚು ಎತ್ತರ. ಸುತ್ತ ರಟ್ಟು, ಮೇಲೆ ನಾಲ್ಕು ಇಂಚು ಮರದ ಚೂರು, ಕಾಂಡದಿಂದ ಒಂದು ಗೇಣು ದೂರ. ಮರ ಕಡಿಯುವವರು ಚೂರನ್ನು ಬಿಟ್ಟಿ ಸುರಿದು ಹೋದರು.

ಮೊದಲ ಬೇಸಿಗೆ ಎರಡು ವಾರಕ್ಕೊಮ್ಮೆ ನೀರು, ಅದೂ ಬೆಳಗಿನ ಜಾವ, ನಿಧಾನವಾಗಿ, ಆಳಕ್ಕೆ ಇಳಿಯುವಂತೆ. ಎರಡನೇ ಬೇಸಿಗೆ ತಿಂಗಳಿಗೊಮ್ಮೆ. ಮೂರನೆಯದಕ್ಕೆ ಸೊನ್ನೆ. ಹಿರಿಯೂರಿನಿಂದ ಅಪ್ಪ ಫೋನಿನಲ್ಲಿ, "ಬೇಸಿಗೇಲಿ ನೀರು ಹಾಕ್ದೆ ಯಾವ ಗಿಡ ಬದುಕುತ್ತೋ? ಬುದ್ಧಿ ಇದೆಯಾ ನಿಂಗೆ?" ಅಂದರು. ರಟ್ಟು ಹಾಸಿದ ಅಂಗಳ ನೋಡಿ ಪಕ್ಕದ ಮನೆಯವರು ನಾವು ಮನೆ ಖಾಲಿ ಮಾಡುತ್ತಿದ್ದೇವೆ ಅಂದುಕೊಂಡಿದ್ದರು. ಹಾಕಿದ 23ರಲ್ಲಿ 21 ಬದುಕಿವೆ. ಮಾರ್ಚಿನಲ್ಲಿ ಸಿಯನೋಥಸ್ ನೀಲಿ ಹೂ ಬಿಟ್ಟಾಗ ಅಪ್ಪನಿಗೆ ವಿಡಿಯೋ ತೋರಿಸಿದೆ. "ಹೂಂ" ಅಂದರು, ಅಷ್ಟೇ. ಅವರ ಬಾಯಲ್ಲಿ ಅದೇ ದೊಡ್ಡದು.

ಬೇಸಿಗೆಯ ಎರಡು ತಿಂಗಳ ನೀರಿನ ಬಿಲ್ 38 ಯೂನಿಟ್ ಇದ್ದದ್ದು ಈಗ 23ರ ಹತ್ತಿರ. ಯೂನಿಟ್ ಅಂದರೆ 748 ಗ್ಯಾಲನ್, ಲೆಕ್ಕ ಹಾಕಿಕೊಳ್ಳಿ. ಹಿತ್ತಲಿನ ದಾಳಿಂಬೆ, ಅಂಜೂರಕ್ಕೆ ಬಟ್ಟೆ ಒಗೆಯುವ ಮೆಷಿನ್ನಿನ ನೀರು ತಿರುಗಿಸಿದ್ದೂ ಇದರಲ್ಲಿ ಸೇರಿದೆ. ಬೋರಾನ್ ಇರುವ ಸೋಪು ಬೇಡ, ಎಲೆಯ ಅಂಚು ಸುಡುತ್ತದೆ. ನಾನು ಒಂದು ತಿಂಗಳು ಸುಟ್ಟು ಕಲಿತೆ.

ಬಸಳೆಗೆ ಮಾತ್ರ ಈ ಉಪವಾಸ ಆಗಲ್ಲ. ಅದಕ್ಕೆ ಎರಡು ಮಣ್ಣಿನ ಕುಂಡ ಬಾಯಿಗೆ ಬಾಯಿ ಅಂಟಿಸಿ ಹೂತಿದ್ದೇನೆ, ವಾರಕ್ಕೆ ಎರಡು ಸಲ ನೀರು ತುಂಬಿದರೆ ಸಾಕು, ಕುಂಡದ ಗೋಡೆಯಿಂದ ನಿಧಾನವಾಗಿ ಬೇರಿಗೆ ಜಿನುಗುತ್ತದೆ. ಕರಿಬೇವು ಅದಕ್ಕೂ ಜಗ್ಗುತ್ತಿಲ್ಲ.

ಈ ನವೆಂಬರಿಗೆ ಹಿತ್ತಲಿನ ಲಾನ್ ಕೀಳಬೇಕು. ಅರ್ಜಿ ಹಾಕಿಯಾಗಿದೆ. ಅವರು ಬಂದು ನೋಡುವವರೆಗೆ ಆ ಹಾಳು ಹುಲ್ಲಿಗೆ ನೀರು ಹಾಕುತ್ತಿದ್ದೇನೆ.