ಯಾವ ಯಂತ್ರ ಯಾವ ಪೋರ್ಟಿನಲ್ಲಿದೆ? ಸ್ವಿಚ್ಚನ್ನೇ ಕೇಳಿ

ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪ್ ಅಂದುಕೊಳ್ಳಿ. ಸಿಎನ್‌ಸಿ ಯಂತ್ರ, ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ, ಹಾಜರಾತಿ ಯಂತ್ರ ಎಲ್ಲವೂ 24 ಪೋರ್ಟಿನ (ಕೇಬಲ್ ಚುಚ್ಚುವ ಕಿಂಡಿಯ) ಒಂದೇ ನೆಟ್‌ವರ್ಕ್ ಸ್ವಿಚ್ಚಿಗೆ ಬಂದು ಸೇರಿವೆ. ಕೇಬಲ್‌ಗೆ ಅಂಟಿಸಿದ್ದ ಚೀಟಿ ಎಣ್ಣೆ ಕುಡಿದು ಯಾವತ್ತೋ ಉದುರಿದೆ. ಈಗ ಒಂದು ಯಂತ್ರ ನೆಟ್‌ವರ್ಕಿಗೆ ಸಿಗುತ್ತಿಲ್ಲ. ಕೇಬಲ್ ಎಳೆದು ನೋಡುವ ಮೊದಲು ಸ್ವಿಚ್ಚಿನ ಮ್ಯಾಕ್ ಟೇಬಲ್ ನೋಡಿ, ಅಂದರೆ ಯಾವ ಮ್ಯಾಕ್ ವಿಳಾಸ (ಯಂತ್ರದ ನೆಟ್‌ವರ್ಕ್ ಗುರುತು) ಯಾವ ಪೋರ್ಟಿನಲ್ಲಿದೆ ಎಂಬ ಪಟ್ಟಿ.

ಸ್ವಿಚ್ ಯಾರನ್ನೂ ಕೇಳುವುದಿಲ್ಲ, ಸುಮ್ನೆ ಗಮನಿಸುತ್ತದೆ. ಫ್ರೇಮ್ (ಡೇಟಾದ ಒಂದು ಕಂತೆ) ಬಂದ ಕೂಡಲೇ ಕಳುಹಿಸಿದವರ ಮ್ಯಾಕ್ ವಿಳಾಸವನ್ನು ಪೋರ್ಟ್ ಸಮೇತ ಬರೆದುಕೊಳ್ಳುತ್ತದೆ. ತಲುಪಬೇಕಾದ ವಿಳಾಸ ಟೇಬಲ್‌ನಲ್ಲಿ ಇಲ್ಲದಿದ್ದರೆ, ಅದೇ ವಿಲ್ಯಾನ್‌ನ (ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್ ಗುಂಪಿನ) ಉಳಿದ ಎಲ್ಲ ಪೋರ್ಟಿಗೂ ಫ್ರೇಮ್ ಹಂಚಿಬಿಡುತ್ತದೆ.

ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್ಚಿಗೆ ಲಾಗಿನ್ ಆಗಿ 'ಶೋ ಮ್ಯಾಕ್ ಅಡ್ರೆಸ್-ಟೇಬಲ್ ಡೈನಾಮಿಕ್' ಎಂಬ ಕಮಾಂಡ್ ಕೊಡಿ. ಬೇರೆ ಕಂಪನಿಯ ಸ್ವಿಚ್ಚಿನಲ್ಲಿ ಕಮಾಂಡ್ ಬೇರೆ, ಕೆಲಸ ಇದೇ. ವಿಲ್ಯಾನ್, ವಿಳಾಸ, ಪೋರ್ಟ್ ಸಾಲಾಗಿ ಬರುತ್ತವೆ. ವಿಳಾಸದಲ್ಲಿ 12 ಅಕ್ಷರ. ಮೊದಲ ಆರು ಸಾಮಾನ್ಯವಾಗಿ ತಯಾರಕರದ್ದು. ಯಂತ್ರದ ಹಿಂದಿನ ಸ್ಟಿಕ್ಕರಿನ ವಿಳಾಸಕ್ಕೆ ಹೋಲಿಸಿದರೆ ಪೋರ್ಟ್ ಸಿಕ್ಕಿತು. ಒಂದೇ ಪೋರ್ಟಿನಲ್ಲಿ ಹತ್ತಾರು ವಿಳಾಸ ಕಂಡರೆ ಅಲ್ಲಿ ಇನ್ನೊಂದು ಸ್ವಿಚ್ಚೋ ವೈಫೈ ಪೆಟ್ಟಿಗೆಯೋ ಇದೆ. ಇನ್ನೊಂದು ಸ್ವಿಚ್ಚಾದರೆ ಅದಕ್ಕೆ ಹೋಗಿ ಇದೇ ಪ್ರಶ್ನೆ ಕೇಳಬೇಕು.

ಹುಡುಕಿದ ಯಂತ್ರ ಕಾಣದಿದ್ದರೆ ಗಾಬರಿ ಬೇಡ. ಸಿಸ್ಕೋದಲ್ಲಿ 300 ಸೆಕೆಂಡ್ ಮಾತಾಡದ ಯಂತ್ರದ ಸಾಲು ತಾನೇ ಅಳಿಯುತ್ತದೆ. ಸುಮ್ಮನೆ ಕೂತ ಸಿಎನ್‌ಸಿಗೆ ಒಮ್ಮೆ ಪಿಂಗ್ ಮಾಡಿ (ಉತ್ತರ ಕೇಳುವ ಸಣ್ಣ ಸಂದೇಶ ಕಳುಹಿಸಿ), ಮತ್ತೆ ನೋಡಿ. ಈ ಅವಧಿಯನ್ನು 'ಮ್ಯಾಕ್ ಅಡ್ರೆಸ್-ಟೇಬಲ್ ಏಜಿಂಗ್-ಟೈಮ್' ಕಮಾಂಡಿನಿಂದ ಬದಲಿಸಬಹುದು. ಸೊನ್ನೆ ಕೊಟ್ಟರೆ ಅಳಿಯುವುದೇ ನಿಲ್ಲುತ್ತದೆ, ಆ ಗೋಜಿಗೆ ಹೋಗಬೇಡಿ.

ಟೇಬಲ್ ಖಾಲಿ ಮಾಡಲು 'ಕ್ಲಿಯರ್ ಮ್ಯಾಕ್ ಅಡ್ರೆಸ್-ಟೇಬಲ್ ಡೈನಾಮಿಕ್' ಸಾಕು. ಆದರೆ ಪೂರ್ತಿ ಒರೆಸಿದರೆ ಎಲ್ಲವನ್ನೂ ಮತ್ತೆ ಕಲಿಯುವ ತನಕ ಫ್ರೇಮ್‌ಗಳು ಎಲ್ಲ ಪೋರ್ಟಿಗೂ ಹರಿಯುತ್ತವೆ. ಅನುಮಾನ ಇರುವ ಪೋರ್ಟ್ ಅಥವಾ ವಿಳಾಸದ ಸಾಲನ್ನಷ್ಟೇ ಒರೆಸಿ.

ಕೆಲವರು ಯಂತ್ರಗಳಿಗೆಲ್ಲ ಸ್ಟ್ಯಾಟಿಕ್ ಸಾಲು, ಅಂದರೆ ತಾನಾಗಿ ಅಳಿಯದ ಕಾಯಂ ಸಾಲು, ಬರೆಯುತ್ತಾರೆ. ನನಗಂತೂ ಇದು ಬೇಡದ ಉಸಾಬರಿ. ನಾಳೆ ಯಾರೋ ಕೇಬಲನ್ನು ಪಕ್ಕದ ಪೋರ್ಟಿಗೆ ಚುಚ್ಚಿದರೂ ಸ್ವಿಚ್ ಹಳೇ ಪೋರ್ಟಿಗೇ ಕಳುಹಿಸುತ್ತಿರುತ್ತದೆ, ಬರೆದವರು ಆಗ ರಜೆಯಲ್ಲಿರುತ್ತಾರೆ! ಬರೆಯಲೇಬೇಕು ಅಂದರೆ ವಿಳಾಸ, ವಿಲ್ಯಾನ್, ಇಂಟರ್‌ಫೇಸ್ ಮೂರನ್ನೂ ಸರಿಯಾಗಿ ಕೊಟ್ಟು 'ರೈಟ್ ಮೆಮೊರಿ' ಮಾಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಅದು ಇರುವುದಿಲ್ಲ.

ನಿಜವಾಗಿ ಭಯಪಡಬೇಕಾದದ್ದು ಒಂದೇ ವಿಳಾಸ ಎರಡು ಪೋರ್ಟುಗಳ ನಡುವೆ ಜಿಗಿದಾಡುವುದಕ್ಕೆ. ಲಾಗ್‌ನಲ್ಲಿ 'ಫ್ಲ್ಯಾಪಿಂಗ್' ಅಂತ ಬರುತ್ತದೆ. ಬಹಳ ಸಲ ಅದು ಲೂಪ್, ಅಂದರೆ ಫ್ರೇಮ್‌ಗಳು ಸುತ್ತುತ್ತಲೇ ಇರುವ ವರ್ತುಲ: ಮೇಜಿನ ಕೆಳಗಿನ ಚಿಕ್ಕ ಸ್ವಿಚ್ಚಿಗೆ ಯಾರೋ ಒಂದೇ ಕೇಬಲಿನ ಎರಡೂ ತುದಿ ಚುಚ್ಚಿರುತ್ತಾರೆ. ಟೇಬಲ್ ಒರೆಸಿ ಪ್ರಯೋಜನವಿಲ್ಲ, ಕ್ಷಣದಲ್ಲೇ ಮತ್ತೆ ಶುರು. ಜಿಗಿದಾಟದ ಎಲ್ಲ ಸಾಲಿನಲ್ಲೂ ಯಾವ ಪೋರ್ಟ್ ಮತ್ತೆ ಮತ್ತೆ ಬರುತ್ತದೋ ಅದನ್ನು 'ಶಟ್‌ಡೌನ್' ಮಾಡಿ, ಆಮೇಲೆ ಮೇಜಿನ ಕೆಳಗೆ ಬಗ್ಗಿ ಹುಡುಕಿ.