ಫ್ಲೋರಿಡಾದಲ್ಲಿ ಮನೆ ಕೊಳ್ಳುವ ಬೆಂಗಳೂರಿಗರಿಗೆ: ಮೊದಲು ನೆಲ ನೋಡಿ

ಬೆಂಗಳೂರಿನಲ್ಲಿ ರಸ್ತೆ ಬಾಯಿಬಿಟ್ಟರೆ ಸಾಮಾನ್ಯವಾಗಿ ಒಡೆದ ಒಳಚರಂಡಿ ಪೈಪೋ ಸುರಂಗದ ಕೆಲಸವೋ ಕಾರಣ. ಊರಿನ ಅಡಿಯಲ್ಲಿರುವುದು ಲಾಲ್‌ಬಾಗ್ ಗುಡ್ಡದಂಥ ಗಟ್ಟಿ ಬಂಡೆ. ಫ್ಲೋರಿಡಾದ ಅಡಿಯಲ್ಲಿರುವುದು ಸುಣ್ಣಕಲ್ಲು. ನೀರಿಗೆ ನಿಧಾನವಾಗಿ ಕರಗಿ ಪೊಳ್ಳಾಗುತ್ತದೆ, ಮೇಲಿನ ಮರಳು ಒಳಕ್ಕಿಳಿಯುತ್ತದೆ. ಹೀಗೆ ಬೀಳುವ ಗುಂಡಿಯೇ ‘ಸಿಂಕ್‌ಹೋಲ್’. ಟ್ಯಾಂಪಾ ಸುತ್ತಲಿನ ಹಿಲ್ಸ್‌ಬರೊ, ಪ್ಯಾಸ್ಕೊ, ಹರ್ನ್ಯಾಂಡೊ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಿದ್ದಂತೆ) ಈ ಕಾಟ ಹೆಚ್ಚು. 2010ರ ಜನವರಿಯ ಚಳಿಯಲ್ಲಿ ಪ್ಲಾಂಟ್ ಸಿಟಿಯ ಸ್ಟ್ರಾಬೆರಿ ಬೆಳೆಗಾರರು ಗಿಡ ಉಳಿಸಲು ಅಂತರ್ಜಲ ಎತ್ತಿ ಸಿಂಪಡಿಸಿದಾಗ ನೂರಕ್ಕೂ ಹೆಚ್ಚು ಕಡೆ ನೆಲ ಕುಸಿಯಿತು.

ಅಲ್ಲಿನ ಮನೆ ವಿಮೆಯಲ್ಲಿ ‘ಕ್ಯಾಟಸ್ಟ್ರಾಫಿಕ್ ಗ್ರೌಂಡ್ ಕವರ್ ಕೊಲ್ಯಾಪ್ಸ್’, ಅಂದರೆ ಭಾರಿ ನೆಲಕುಸಿತದ ರಕ್ಷಣೆ, ಇರಲೇಬೇಕೆಂದು ಕಾನೂನೇ ಇದೆ. ಹೆಸರು ನೋಡಿ ನಿಶ್ಚಿಂತರಾಗಬೇಡಿ. ನೆಲ ದಿಢೀರ್ ಕುಸಿಯಬೇಕು, ಗುಂಡಿ ಬರಿಗಣ್ಣಿಗೆ ಕಾಣಬೇಕು, ತಳಪಾಯ ಸೇರಿ ಕಟ್ಟಡಕ್ಕೆ ಪೆಟ್ಟಾಗಬೇಕು, ಮನೆ ವಾಸಯೋಗ್ಯವಲ್ಲ, ಖಾಲಿ ಮಾಡಿ ಎಂದು ಸರ್ಕಾರಿ ಆದೇಶವೂ ಬರಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಇದರಡಿ ಬಿಡಿಗಾಸು ಹುಟ್ಟದು. ಬಹುತೇಕ ಮನೆಗಳು ಹಾಳಾಗುವುದು ಹಾಗಲ್ಲ: ಬ್ಲಾಕ್ ಗೋಡೆಯಲ್ಲಿ ಮೆಟ್ಟಿಲಿನಾಕಾರದ ಬಿರುಕು, ಚೌಕಟ್ಟಿಗೆ ಕಚ್ಚಿಕೊಳ್ಳುವ ಬಾಗಿಲು, ಹಿತ್ತಲಲ್ಲಿ ದುಂಡಗಿನ ತಗ್ಗು. ಇದಕ್ಕೆ ಬೇಕಾದದ್ದು ‘ಸಿಂಕ್‌ಹೋಲ್ ಲಾಸ್’ ಕವರೇಜ್. ಅದನ್ನು ಪ್ರತ್ಯೇಕವಾಗಿ ಕೇಳಬೇಕು, ಪ್ರೀಮಿಯಂ ಬೇರೆ, ಮೊದಲು ತಪಾಸಣೆ ಮಾಡಿಸಿ ಎಂದೂ ಕಂಪನಿ ಹೇಳಬಹುದು. ಡಿಡಕ್ಟಿಬಲ್ (ಕ್ಲೇಮ್‌ನಲ್ಲಿ ನೀವೇ ಭರಿಸಬೇಕಾದ ಪಾಲು) ಶೇ. 10 ಇದ್ದರೆ 4 ಲಕ್ಷ ಡಾಲರ್ ವಿಮೆಯ ಮನೆಗೆ ಮೊದಲ 40,000 ಡಾಲರ್ ನಿಮ್ಮ ಕೈಯಿಂದಲೇ. ಏಜೆಂಟ್ ಮಾತು ನಂಬಿ ಕೂರದೆ ಪಾಲಿಸಿಯ ಡಿಕ್ಲರೇಶನ್ ಪುಟದಲ್ಲಿ (ಯಾವುದಕ್ಕೆ ಎಷ್ಟು ರಕ್ಷಣೆ ಎಂದು ಪಟ್ಟಿ ಮಾಡಿದ ಪುಟ) ‘ಸಿಂಕ್‌ಹೋಲ್ ಲಾಸ್’ ಸಾಲು ಇದೆಯೇ ನೋಡಿ.

ಸೈಟು ಕೊಳ್ಳುವಾಗ ಇಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸುತ್ತೇವಲ್ಲ, ಅಲ್ಲಿ ಕೌಂಟಿ ಕ್ಲರ್ಕ್ ದಾಖಲೆಗಳಲ್ಲಿ ಸಿಂಕ್‌ಹೋಲ್ ವರದಿ ಹುಡುಕಿ. ಹಿಂದೆ ಕ್ಲೇಮ್ ಹಣ ಬಂದಿದ್ದರೆ ಮಾರುವವರು ಹೇಳಲೇಬೇಕು, ಅದೆಲ್ಲ ರಿಪೇರಿಗೇ ಹೋಯಿತೇ ಎಂಬುದನ್ನೂ. ನೆಲದೊಳಕ್ಕೆ ಗ್ರೌಟ್ (ಸಿಮೆಂಟ್ ಮಿಶ್ರಣ) ತುಂಬಿ ಸರಿಪಡಿಸಿದ ಮನೆ ಎಂದ ಮಾತ್ರಕ್ಕೆ ಬೇಡವೆನ್ನಬೇಕಿಲ್ಲ. ಎಂಜಿನಿಯರ್ ವರದಿಯಿಲ್ಲದೆ ‘ಎಲ್ಲ ಸರಿ ಮಾಡಿಸಿದ್ದೇವೆ’ ಎನ್ನುವವರ ಮನೆಯೇ ಬೇಡ.

ಬಿರುಕು ಕಂಡ ದಿನವೇ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಸಿಂಕ್‌ಹೋಲ್ ಕ್ಲೇಮ್‌ಗೆ ಗಡುವು, ಗೊತ್ತಾದಾಗಿನಿಂದ 2 ವರ್ಷ.

ಬೆಂಗಳೂರಿನ ಮನೆ ಬಾಡಿಗೆಗೆ ಬಿಟ್ಟು ಹೊರಟಿದ್ದೀರಾ? 2021ರ ಏಪ್ರಿಲ್‌ನಲ್ಲಿ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ನೆಲ ಕುಸಿತಕ್ಕೆ ರಕ್ಷಣೆಯಿದೆ. ಆದರೆ ತುಂಬಿಸಿದ ಮಣ್ಣು ಕೂತರೆ, ಅಗೆತದ ಕೆಲಸದಿಂದ ನೆಲ ಜರುಗಿದರೆ ಇಲ್ಲ. ಕೆರೆಯಂಗಳ ಮುಚ್ಚಿ ಮಾಡಿದ ಬಡಾವಣೆಯಲ್ಲಿ ಮನೆಯಿದ್ದರೆ ಆ ಷರತ್ತನ್ನೇ ಮೊದಲು ಓದಿ.